ದಾಳಿಂಬೆ ತೋಟದ ಎರಡು ಸೂರಕ್ಕಿಗಳು

ಚಿಕ್ಕಬಳ್ಳಾಪುರದ ನಿಮ್ಮ ದಾಳಿಂಬೆ ತೋಟಕ್ಕೆ ಬರುವ ಕಪ್ಪು ಹಕ್ಕಿ ಮತ್ತು ಹಳದಿ ಹೊಟ್ಟೆಯ ಹಕ್ಕಿ ಒಂದೇ ಹಮ್ಮಿಂಗ್‌ಬರ್ಡ್‌ನ ಗಂಡು-ಹೆಣ್ಣುಗಳೇ ಎಂದು ಕೇಳಿದ್ದೀರಿ; ಮೈಮೇಲೆ ಗೆರೆಯಿರುವ ಇನ್ನೊಂದು ಹಕ್ಕಿಯನ್ನೂ ಕಂಡಿದ್ದಾಗಿ ಹೇಳಿದ್ದೀರಿ. ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ; ನೀವು ಕಂಡಿರುವುದು ನಮ್ಮ ಸೂರಕ್ಕಿಗಳನ್ನು (ಸನ್‌ಬರ್ಡ್), ಅದೂ ಬಹುಶಃ ಎರಡು ಬೇರೆ ಪ್ರಭೇದಗಳನ್ನು.

ದೂರಕ್ಕೆ ಪೂರ್ತಿ ಕಪ್ಪಾಗಿ ಕಂಡು, ಬಿಸಿಲು ಬಿದ್ದೊಡನೆ ನೀಲಿ-ನೇರಳೆಯಾಗಿ ಹೊಳೆಯುವುದು ಪರ್ಪಲ್ ಸನ್‌ಬರ್ಡ್‌ನ ಗಂಡು. ಬೆನ್ನು ಕೆಂಗಂದು, ಕೊರಳು ನೇರಳೆ, ಅದರ ಕೆಳಗೆ ಎದೆಗೆ ಅಡ್ಡಲಾಗಿ ಕೆಂಗಂದು ಪಟ್ಟಿ, ಹೊಟ್ಟೆ ಹಳದಿ ಇದ್ದರೆ ಅದು ಪರ್ಪಲ್ ರಂಪ್ಡ್ ಸನ್‌ಬರ್ಡ್‌ನ ಗಂಡು. ನಿಜವಾದ ಗೊಂದಲ ಹುಟ್ಟಿಸುವುದು ಮೊದಲನೆಯದೇ: ಸಂತಾನಕಾಲ ಮುಗಿದ ಮೇಲೆ ಅದರ ಹೊಳಪಿನ ಗರಿಗಳು ಉದುರಿ, ಹೆಣ್ಣಿನಂತೆ ಹಳದಿಯಾದ ಮೈಯಲ್ಲಿ ಗಲ್ಲದಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೆರೆ ಎದ್ದು ಕಾಣುತ್ತದೆ. ನೀವು ಹೇಳಿದ ‘ಗೆರೆಯ ಹಕ್ಕಿ’ ಮೂರನೆಯ ಪ್ರಭೇದವಲ್ಲ, ಇದೇ ಇರಬೇಕು. ಎರಡನೆಯದು ಹೀಗೆ ವೇಷ ಬದಲಿಸುವುದಿಲ್ಲ.

ಹೆಣ್ಣುಗಳಲ್ಲಿ ಕೊರಳನ್ನು ಗಮನಿಸಿ: ಬೂದು ಬೆರೆತ ಬಿಳುಪಿದ್ದರೆ ಪರ್ಪಲ್ ರಂಪ್ಡ್, ಹೊಟ್ಟೆಯ ಹಳದಿಯೇ ಕೊರಳಿಗೂ ಹಬ್ಬಿದ್ದರೆ ಪರ್ಪಲ್.

ಜೇಡರ ಬಲೆಯಿಂದ ಬಿಗಿದ ಪುಟ್ಟ ಗೂಡು ರೆಂಬೆಯಿಂದ ಜೋತಾಡುತ್ತಿದ್ದರೆ, ದಯವಿಟ್ಟು ಆ ಗಿಡದ ಸುತ್ತ ಔಷಧಿ ಹೊಡೆಯಬೇಡಿ. ಮಕರಂದ ಹೀರುವ ಈ ಹಕ್ಕಿಗಳು ಮರಿಗಳಿಗೆ ಹುಳು ಮತ್ತು ಜೇಡಗಳನ್ನು ಉಣಿಸುತ್ತವೆ.