ಶೀಲಾ ಗೌಡ ಅವರ ಕೆಲಸದಲ್ಲಿ ಕೂದಲು, ಸಗಣಿ, ಡಾಂಬರು ಡ್ರಮ್ಮು ಯಾಕೆ?

ಕೂದಲಿನ ಹಗ್ಗ, ಸಗಣಿ, ಡಾಂಬರು ಡ್ರಮ್ಮು ಇಟ್ಟರೆ ಅದು ಶಿಲ್ಪ ಹೇಗಾಗುತ್ತದೆ, ಶೀಲಾ ಗೌಡ ಅವರಿಗೆ ಹೊರದೇಶದಲ್ಲಿ ಯಾಕಿಷ್ಟು ಹೆಸರು ಅಂತ ಕೇಳಿದ್ದೀರಿ. ನನಗೆ ತುಂಬಾ ಇಷ್ಟವಾದ ಕಲಾವಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಅವರ ಕೆಲಸದ ಮುಂದೆ ನಿಂತಾಗ "ಇದರ ಅರ್ಥ ಏನು" ಅಂತ ಮೊದಲೇ ಕೇಳಬೇಡಿ. ಈ ಸಾಮಾನು ಎಲ್ಲಿಂದ ಬಂತು, ಇದನ್ನು ಹೊಸೆದವರು, ತಟ್ಟಿದವರು, ಹೊತ್ತವರು ಯಾರು ಅಂತ ಕೇಳಿ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹುಟ್ಟಿದ್ದು 1957ರಲ್ಲಿ, ಭದ್ರಾವತಿಯಲ್ಲಿ. ಓದಿದ್ದು ಬೆಂಗಳೂರಿನ ಕೆನ್ ಕಲಾಶಾಲೆ, ಅಂದರೆ ಕಲಾವಿದ ಆರ್.ಎಂ. ಹಡಪದ್ ಮೇಷ್ಟ್ರು ಕಟ್ಟಿದ ಶಾಲೆ. ಆಮೇಲೆ ಶಾಂತಿನಿಕೇತನ, ಅಲ್ಲಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಕಲಿತದ್ದು ಪೇಂಟಿಂಗ್. ಈಗಲೂ ಬೆಂಗಳೂರಿನಲ್ಲೇ ಇದ್ದುಕೊಂಡು ಕೆಲಸ ಮಾಡುತ್ತಾರೆ.

1992ರಲ್ಲಿ ಬಾಬರಿ ಮಸೀದಿ ಕೆಡವಿದರು, ಮುಂಬೈ ಹೊತ್ತಿ ಉರಿಯಿತು. ಆ ಹೊತ್ತಿನಲ್ಲಿ ಅವರಿಗೆ ಎಣ್ಣೆ ಬಣ್ಣ ಸಾಲದಾಯಿತು, ಸಗಣಿ ಕೈಗೆತ್ತಿಕೊಂಡರು. ಸಗಣಿ ನಮಗೆ ಹೊಸದಲ್ಲ ಅಲ್ವಾ? ಅದರಲ್ಲೇ ಅಂಗಳ ಸಾರಿಸುತ್ತೇವೆ, ಬೆರಣಿ ತಟ್ಟಿ ಒಲೆಗೆ ಹಾಕುತ್ತೇವೆ, ಒಂದು ಮುದ್ದೆ ಮಾಡಿ ಗರಿಕೆ ಸಿಕ್ಕಿಸಿ ಬೆನಕ ಅಂತ ಕೈಮುಗಿಯುತ್ತೇವೆ. ಗೋವಿನ ಹೆಸರಿನಲ್ಲಿ ರಾಜಕೀಯ ಜೋರಾಗುತ್ತಿದ್ದ ಕಾಲದಲ್ಲಿ, ಹೆಂಗಸರು ದಿನಾ ಕೈಯಲ್ಲಿ ಹಿಡಿಯುವ ಅದೇ ಸಗಣಿಯನ್ನು ಗ್ಯಾಲರಿಯೊಳಗೆ ತಂದಿಟ್ಟರು. ಘೋಷಣೆ ಇಲ್ಲ, ಭಾಷಣ ಇಲ್ಲ.

ನನ್ನ ಲೆಕ್ಕದಲ್ಲಿ ಅವರ ಅತ್ಯಂತ ಗಟ್ಟಿ ಕೆಲಸ 1998ರ 'ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್', ಅಂದರೆ 'ಮತ್ತೆ ನನ್ನ ನೋವನ್ನು ಅವನಿಗೆ ಹೇಳು'. ದೂರದಿಂದ ನೋಡಿದರೆ ಕೆಂಪು ಹಗ್ಗ ಗೋಡೆಯಿಂದ ಇಳಿದು ನೆಲದ ಮೇಲೆ ಹರಿದಾಡಿದ ಹಾಗೆ, ಗಾಳಿಯಲ್ಲಿ ಗೆರೆ ಎಳೆದ ಹಾಗೆ. ಹತ್ತಿರ ಹೋದರೆ ಬೇರೆಯೇ ಕಥೆ. ಒಂದೊಂದು ಉದ್ದನೆಯ ನೂಲನ್ನೂ ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಅರ್ಧದವರೆಗೆ ಎಳೆದು ಎರಡೆಳೆ ಮಾಡಿ, ಅಂಥ ಎಷ್ಟೋ ನೂಲುಗಳನ್ನು ಒಟ್ಟು ಸೇರಿಸಿ ಕುಂಕುಮ ಮತ್ತು ಅಂಟು ಸವರಿ ಒಂದು ಹಗ್ಗ ಮಾಡಿದ್ದಾರೆ. ಸೂಜಿಗಳನ್ನು ತೆಗೆದಿಲ್ಲ. ಹಗ್ಗದ ತುದಿಯಲ್ಲಿ ಎಲ್ಲವೂ ಗೊಂಚಲಾಗಿ ನೇತಾಡುತ್ತಿರುತ್ತವೆ. ಇಷ್ಟು ನೂಲು ಎಳೆಯುವಾಗ ಬೆರಳು ಎಷ್ಟು ನೊಂದಿರಬೇಕು ಅಂತ ಯೋಚಿಸಿ, ಆಗ ಆ ಹೆಸರು ತಾನಾಗೇ ತಿಳಿಯುತ್ತದೆ.

ಕೂದಲಿನ ವಿಷಯ. ನಮ್ಮಲ್ಲಿ ಗಾಡಿಗಳಿಗೆ ದೃಷ್ಟಿ ಆಗಬಾರದು ಅಂತ ಕರೀ ಕೂದಲಿನ ಹಗ್ಗ ಕಟ್ಟುತ್ತಾರೆ, ನೋಡಿರುತ್ತೀರಿ. ದೇವಸ್ಥಾನದಲ್ಲಿ ಹರಕೆ ಮುಡಿ ಕೊಟ್ಟ ಕೂದಲಲ್ಲಿ ಉದ್ದನೆಯದು ವಿಗ್ ಮಾಡೋಕೆ ಹೊರದೇಶಕ್ಕೆ ಹೋಗುತ್ತದೆ, ಅದಕ್ಕೆ ಒಳ್ಳೆ ರೇಟು. ಉಳಿದ ಗಿಡ್ಡ ಕೂದಲನ್ನು ಹೊಸೆದು ಹಗ್ಗ ಮಾಡುತ್ತಾರೆ. 2009ರ ವೆನಿಸ್ ಬಿನಾಲೆಗೆ (ಬಿನಾಲೆ ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ) ಮಾಡಿದ 'ಬಿಹೋಲ್ಡ್' ಕೃತಿಯಲ್ಲಿ ಆ ಹಗ್ಗ ಸುಮಾರು 4,000 ಮೀಟರ್ ಇದೆ. ಅದಕ್ಕೆ ಇಪ್ಪತ್ತರಷ್ಟು ಕಾರಿನ ಬಂಪರ್‌ಗಳನ್ನು ನೇತುಹಾಕಿದ್ದಾರೆ. ಹೊಳೆಯುವ ಸ್ಟೀಲಿನ ಭಾರವನ್ನೆಲ್ಲ ಯಾರ್ಯಾರೋ ಬೇಡಿಕೊಂಡು ಬಿಟ್ಟುಕೊಟ್ಟ ಕೂದಲು ಎತ್ತಿ ಹಿಡಿದಿದೆ. ಶಿಲ್ಪ ಹೇಗೆ ಅಂದಿರಲ್ಲ, ಇದೇ. ತೂಕ, ಎಳೆತ, ಜಾಗ, ಎಲ್ಲ ಲೆಕ್ಕವೂ ಅದರಲ್ಲಿದೆ. ಕಲ್ಲು ಕೆತ್ತಿದರೆ ಮಾತ್ರ ಶಿಲ್ಪ ಅನ್ನುವುದು ತುಂಬಾ ಇಕ್ಕಟ್ಟಿನ ಮಾತು. ಈ ಕೃತಿ ಈಗ ಲಂಡನ್ನಿನ ಟೇಟ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ.

ಡಾಂಬರು ಡ್ರಮ್ಮಿನದೂ ಹೀಗೇ. ರಸ್ತೆ ಕೆಲಸದವರು ಖಾಲಿ ಡ್ರಮ್ಮುಗಳನ್ನು ತಟ್ಟಿ ತಗಡು ಮಾಡಿ ಗುಡಿಸಲು ಕಟ್ಟಿಕೊಂಡಿರುವುದನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿ ಸುಮ್ನೆ ಮುಂದೆ ಹೋಗಿದ್ದೇವೆ. 2006ರ 'ಡಾರ್ಕ್‌ರೂಮ್'ನಲ್ಲಿ ಅಂಥ ಡ್ರಮ್ಮುಗಳನ್ನು ಕಂಬದ ಹಾಗೆ ನಿಲ್ಲಿಸಿದ್ದಾರೆ, ಹೊರಗಿನಿಂದ ಬಂಗಲೆಯ ಗತ್ತು. ಒಳಗೆ ಹೋಗಬೇಕಾದರೆ ಬಗ್ಗಲೇಬೇಕು. ಒಳಗೆ ಕತ್ತಲು, ತಲೆ ಎತ್ತಿದರೆ ಚಾವಣಿಯ ಸಣ್ಣ ಸಣ್ಣ ತೂತುಗಳಿಂದ ಬೆಳಕು, ಥೇಟ್ ನಕ್ಷತ್ರಗಳೇ.

ನನಗೆ ಮನಸ್ಸು ಕಲಕಿದ್ದು 2012ರ ಕೊಚ್ಚಿ ಬಿನಾಲೆಯ 'ಸ್ಟಾಪ್‌ಓವರ್', ಕಲಾವಿದ ಕ್ರಿಸ್ಟಾಫ್ ಸ್ಟೋರ್ಜ್ ಜೊತೆ ಸೇರಿ ಮಾಡಿದ್ದು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಬೆಂಗಳೂರಿನ ಮನೆಗಳಿಂದ ಒರಳುಕಲ್ಲುಗಳು ಬೀದಿಗೆ ಬಂದವು. ಪೂಜೆ ಮಾಡಿದ ಕಲ್ಲು, ಒಡೆಯುವ ಹಾಗಿಲ್ಲ, ಮಾರೋಕೂ ಮನಸ್ಸಿಲ್ಲ. ಅಂಥ ಸುಮಾರು 170 ಕಲ್ಲುಗಳನ್ನು ಕೊಚ್ಚಿಯ ಆಸ್ಪಿನ್‌ವಾಲ್ ಹೌಸಿಗೆ, ನೀರಿನ ಅಂಚಿಗೆ ಸಾಗಿಸಿದ್ದರು. ನಾನು ಒಂದೊಂದರ ಗುಣಿಗೂ ಕೈ ಹಾಕಿ ನೋಡಿದೆ. ರುಬ್ಬಿ ರುಬ್ಬಿ ನುಣುಪಾದ ಕಲ್ಲು. ಅದನ್ನು ಸವೆಸಿದ ಹೆಂಗಸರ ಹೆಸರು ಯಾವ ಕೃತಿಯ ಪಕ್ಕದ ಚೀಟಿಯಲ್ಲೂ ಬರುವುದಿಲ್ಲ.

ಹೆಸರು ಯಾಕಿಷ್ಟು ಅಂದರೆ, 2007ರಲ್ಲಿ ಜರ್ಮನಿಯ ಡಾಕ್ಯುಮೆಂಟಾ ಅನ್ನುವ ದೊಡ್ಡ ಕಲಾ ಪ್ರದರ್ಶನ, ಆಮೇಲೆ ವೆನಿಸ್, 2019ರಲ್ಲಿ ಕಲಾವಿದರಿಗೆ ಕೊಡುವ ಮರಿಯಾ ಲಾಸ್ನಿಗ್ ಪ್ರಶಸ್ತಿ, ಅದೇ ವರ್ಷ ಮಿಲಾನಿನಲ್ಲಿ ದೊಡ್ಡ ಪ್ರದರ್ಶನ. ಪಟ್ಟಿ ಇನ್ನೂ ಇದೆ, ಬಿಡಿ. ನನಗೆ ಬೇಜಾರಾಗುವುದು, ಅಲ್ಲಿಯವರಿಗೆ ಕುಂಕುಮ ಅಂದರೇನು, ದೃಷ್ಟಿ ಅಂದರೇನು ಅಂತ ಬರೆದು ತಿಳಿಸಬೇಕು, ನಮಗೆ ಅದು ಬೇಕಾಗಿಲ್ಲ. ಆದರೂ ಇಲ್ಲೇ ಅವರನ್ನು ನೋಡಿದವರು ಕಡಿಮೆ.

ಫೋಟೋ ನೋಡಿ ತೀರ್ಮಾನ ಮಾಡಬೇಡಿ. ಫೋಟೋದಲ್ಲಿ ಸೂಜಿ ಕಾಣುವುದಿಲ್ಲ, ಕೂದಲು ಬರೀ ಕಪ್ಪು ಹಗ್ಗ ಅನ್ನಿಸುತ್ತದೆ. ಎಲ್ಲಾದರೂ ಪ್ರದರ್ಶನ ಇದೆ ಅಂತ ಗೊತ್ತಾದರೆ ಬಿಡುವು ಮಾಡಿಕೊಂಡು ಹೋಗಿ, ಆದಷ್ಟು ಹತ್ತಿರ ನಿಂತು ನೋಡಿ.