ಮೂಗಿಗೆ ಹೊಡೆಯುವ ಫ್ಲೂ ಲಸಿಕೆ ಹೇಗೆ ಕೆಲಸ ಮಾಡುತ್ತದೆ?

ಸೂಜಿ ಇಲ್ಲದೆ, ಸುಮ್ನೆ ಮೂಗಿಗೆ ಸ್ಪ್ರೇ ಹೊಡೆದರೆ ಲಸಿಕೆ ಆಗುತ್ತಾ ಅನ್ನಿಸುತ್ತೆ ಅಲ್ವಾ? ಆಗುತ್ತದೆ. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಫ್ಲೂಮಿಸ್ಟ್ ಅನ್ನೇ ನೋಡಿ. ಒಂದೊಂದು ಹೊಳ್ಳೆಗೆ 0.1 ಮಿಲಿ, ಅಷ್ಟೇ.

ಅದರಲ್ಲಿರುವುದು ಜೀವಂತ ವೈರಸ್, ಆದರೆ ಬಲ ಕುಂದಿಸಿದ್ದು. ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬೆಳೆಯುವಂತೆ ಅದನ್ನು ಪಳಗಿಸಿರುತ್ತಾರೆ. ಹಾಗಾಗಿ ತಂಪಾದ ಮೂಗಿನಲ್ಲಿ ಸ್ವಲ್ಪ ಬೆಳೆಯುತ್ತದೆ. ಬೆಚ್ಚಗಿನ ಶ್ವಾಸಕೋಶದಲ್ಲಿ ಅದರ ಆಟ ನಡೆಯುವುದಿಲ್ಲ. ಇಷ್ಟು ಸೋಂಕು ಸಾಕು, ಮೂಗಿನ ಒಳಪೊರೆಯಲ್ಲೇ ಐಜಿಎ ಎಂಬ ಪ್ರತಿಕಾಯಗಳು ತಯಾರಾಗುತ್ತವೆ. ಮುಂದೆ ನಿಜವಾದ ಫ್ಲೂ ವೈರಸ್ ಬಂದರೆ ಬಾಗಿಲಲ್ಲೇ ತಡೆ.

ಹಾಕಿಸಿಕೊಂಡ ಮೇಲೆ ಮೂಗು ಸ್ವಲ್ಪ ಸೋರಬಹುದು, ಗಾಬರಿ ಬೇಡ. ಇದು 2ರಿಂದ 49 ವರ್ಷದವರಿಗೆ ಮಾತ್ರ. ವೈರಸ್ ಜೀವಂತ ಆದ್ದರಿಂದ ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಕೊಡುವುದಿಲ್ಲ. ಅವರಿಗೆ ಇಂಜೆಕ್ಷನ್ನೇ ಸರಿ.