ಮಾಂಟಾಲಜಿ ಅಂದರೆ ಏನು? ಭೂವಿಜ್ಞಾನಕ್ಕಿಂತ ಅದು ಹೇಗೆ ಬೇರೆ?

ಬೆಟ್ಟವನ್ನು ಇಡಿಯಾಗಿ ನೋಡುವ ಅಧ್ಯಯನ ಇದು. ಭೂವಿಜ್ಞಾನಿ ಕಲ್ಲು ನೋಡುತ್ತಾರೆ, ಇಲ್ಲಿ ಕಲ್ಲಿನ ಜೊತೆ ಮಳೆ, ಕಾಡು, ಅಲ್ಲಿ ಬದುಕುವ ಜನ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಯಾಕೆ ಬೇಕು ಅಂತೀರಾ? ನೇಪಾಳವನ್ನೇ ನೋಡಿ. ಬೆಟ್ಟದ ರೈತರು ಮರ ಕಡಿಯೋದರಿಂದಲೇ ಕೆಳಗೆ ಬಾಂಗ್ಲಾದೇಶದಲ್ಲಿ ಪ್ರವಾಹ ಬರುತ್ತದೆ ಅಂತ 1970ರ ದಶಕದಲ್ಲಿ ಬಹಳ ಜನ ನಂಬಿದ್ದರು. ಜ್ಯಾಕ್ ಐವ್ಸ್, ಬ್ರೂನೊ ಮೆಸರ್ಲಿ ಎಂಬ ಇಬ್ಬರು ಭೂಗೋಳ ವಿಜ್ಞಾನಿಗಳು ಅಲ್ಲಿಗೇ ಹೋಗಿ ಕೆಲಸ ಮಾಡಿ, 1980ರ ದಶಕದಲ್ಲಿ ಆ ವಾದವನ್ನು ಪ್ರಶ್ನಿಸಿದರು. ಹಿಮಾಲಯ ಇನ್ನೂ ಏರುತ್ತಿರುವ ಬೆಟ್ಟ, ಮುಂಗಾರು ಜೋರು, ಮಣ್ಣು ಹೇಗಿದ್ದರೂ ಜಾರುತ್ತದೆ. ರೈತರಂತೂ ಕುಸಿದ ಜಾಗದಲ್ಲೇ ಮತ್ತೆ ಮೆಟ್ಟಿಲು ಗದ್ದೆ ಕಟ್ಟಿ ಭತ್ತ ನೆಡುತ್ತಿದ್ದರು. ಬರೀ ನಕ್ಷೆ ನೋಡಿದ್ದರೆ ಇದು ಕಾಣ್ತಿತ್ತಾ? ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗೋದು ಇದೇ.